ಗೃಹಸಾಲ ಬೇರೆ ಬ್ಯಾಂಕಿಗೆ ಹಾಕೋ ಮುಂಚೆ ಒಂದು ಲೆಕ್ಕ

ನಮಸ್ಕಾರ. ಹಾಸನದಲ್ಲಿ ಈಗ ದಿನಾ ಫೋನ್ ಬರುತ್ತೆ, 'ಸರ್, ಬಡ್ಡಿ ಕಡಿಮೆ, ಸಾಲ ನಮ್ಮ ಕಡೆ ಹಾಕಿಸಿ' ಅಂತ. ನಾನೂ ಹೋದ ವರ್ಷ ಹೊರಟಿದ್ದೆ.

ಲೆಕ್ಕ ಹೀಗೆ. 20 ಲಕ್ಷ ಬಾಕಿ, 15 ವರ್ಷ ಉಳಿದಿದೆ ಅನ್ನಿ. ಬಡ್ಡಿ 9.25ರಿಂದ 8.25ಕ್ಕೆ ಇಳಿದರೆ ಕಂತು ಸುಮಾರು 20,580ರಿಂದ 19,400ಕ್ಕೆ ಬರುತ್ತೆ. ತಿಂಗಳಿಗೆ 1,180 ರೂಪಾಯಿ ಉಳಿತಾಯ. ಆದರೆ ಪ್ರೊಸೆಸಿಂಗ್ ಫೀ, ವಕೀಲರ ವರದಿ, ವ್ಯಾಲ್ಯುಯೇಷನ್ (ಮನೆಯ ಬೆಲೆ ಅಂದಾಜು), ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೊಸ ಅಡಮಾನ ಪತ್ರದ ಖರ್ಚು ಎಲ್ಲ ಸೇರಿ 25,000 ಆಯ್ತು ಅಂದ್ರೆ, ಅದು ವಾಪಸ್ ಬರೋಕೆ 21 ತಿಂಗಳು ಬೇಕು. ಇನ್ನು ಮೂರು ನಾಲ್ಕು ವರ್ಷದ ಸಾಲ ಇದ್ದವರು ಸುಮ್ನೆ ಓಡಾಡಬೇಡಿ.

ಮೊದಲು ಈಗಿನ ಬ್ಯಾಂಕಿಗೇ ಒಂದು ಅರ್ಜಿ ಕೊಡಿ. ಸಣ್ಣ ಶುಲ್ಕ ತಗೊಂಡು ಬಡ್ಡಿ ಇಳಿಸೋದುಂಟು. ನನಗೆ ಹಾಗೇ ಆಯ್ತು, ಫೈಲ್ ಕಂಕುಳಲ್ಲಿ ಇಟ್ಕೊಂಡು ಅಲೆಯೋದು ತಪ್ಪಿತು!

ಸಾಲ ಬೇರೆ ಕಡೆ ಹಾಕಿದ್ರೆ ಹಳೇ ಬ್ಯಾಂಕಿನ ಸಾಲ ಅವಧಿಗೆ ಮುಂಚೆ ತೀರಿದ ಹಾಗೆ. ಫ್ಲೋಟಿಂಗ್ ಬಡ್ಡಿಯ (ಅಂದ್ರೆ ಆಗಾಗ ಏರಿಳಿಯುವ ಬಡ್ಡಿಯ) ಮನೆಸಾಲವನ್ನು ಹೀಗೆ ತೀರಿಸಿದರೆ ದಂಡ ಹಾಕುವ ಹಾಗಿಲ್ಲ, ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮನೆಯ ಮೂಲ ಪತ್ರ ವಾಪಸ್ ಕೊಡಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ.

ಇನ್ನೊಂದು ವಿಷಯ, ಹೊಸ ಬ್ಯಾಂಕಿನವರು ಕಂತು ಚಿಕ್ಕದಾಗಿ ಕಾಣಲಿ ಅಂತ ಅವಧಿಯನ್ನು ಮತ್ತೆ 20 ವರ್ಷ ಮಾಡ್ತಾರೆ. 15 ವರ್ಷವೇ ಇರಲಿ ಅಂತ ಬರೆಸಿಕೊಳ್ಳಿ.