ಉತ್ತರ ಕೊಡುವ ಮುನ್ನ ಮೂರು ಉಸಿರು

ಬೆಳಿಗ್ಗೆ 20 ನಿಮಿಷ ಉಸಿರು ನೋಡುತ್ತಾ ಕೂತು ಎದ್ದವನು, ಅದೇ ಸಂಜೆ ನಿವಾಸಿಗಳ ಸಂಘದ ಸಭೆಯಲ್ಲಿ ಮೇಜು ಗುದ್ದಿ ಮಾತಾಡಿದ್ದೆ. ನಾನು ಕಾರ್ಯದರ್ಶಿ, ಪಾರ್ಕಿಂಗ್ ಜಾಗದ ಹಂಚಿಕೆಯ ಬಗ್ಗೆ ಹಿರಿಯರೊಬ್ಬರು ಲೆಕ್ಕ ಕೇಳಿದ್ದರು, ಅಷ್ಟೇ. ಮನೆಗೆ ಬಂದ ಮೇಲೂ ಕೈ ನಡುಗುತ್ತಿತ್ತು. ನನ್ನ ಎರಡು ವರ್ಷದ ಅಭ್ಯಾಸ ಹೊಸ್ತಿಲು ದಾಟಿಯೇ ಇರಲಿಲ್ಲ.

ಈ ಎಚ್ಚರದ ಧ್ಯಾನವನ್ನು (ಮೈಂಡ್‌ಫುಲ್‌ನೆಸ್) ನಾನು ಕಲಿತದ್ದು ಎಂಟು ವಾರದ ತರಬೇತಿಯಲ್ಲಿ. 1979ರಲ್ಲಿ ಜಾನ್ ಕಬಾತ್‌-ಜಿನ್ ಅಮೆರಿಕದ ಆಸ್ಪತ್ರೆಯೊಂದರಲ್ಲಿ ವಾಸಿಯಾಗದ ನೋವಿನ ರೋಗಿಗಳಿಗಾಗಿ ಆರಂಭಿಸಿದ ಕ್ರಮವೇ ಅದರ ಮೂಲ. ಅಲ್ಲಿ ಎಲ್ಲವೂ ನನ್ನ ಮೈ, ನನ್ನ ಮನಸ್ಸು, ನನ್ನ ಒತ್ತಡ. ನಾಲ್ಕು ಜನರ ನಡುವೆ ಏನು ಮಾಡಬೇಕೆಂದು ಕೇಳುವುದು ನನಗೂ ಹೊಳೆದಿರಲಿಲ್ಲ. ಆದರೆ ದಾರಿ ಹೊಸದೇನಲ್ಲ. 1994ರಲ್ಲಿ ತಿಹಾರ್ ಜೈಲಿನಲ್ಲಿ ಸಾವಿರ ಕೈದಿಗಳು ಒಟ್ಟಿಗೆ ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರಕ್ಕೆ ಕೂತಿದ್ದರು. ಬ್ರಿಟನ್ನಿನ ಸಂಸತ್ತಿನಲ್ಲಿ 2013ರಿಂದ ಬೇರೆ ಬೇರೆ ಪಕ್ಷದ ಸದಸ್ಯರು ಒಂದೇ ಕೋಣೆಯಲ್ಲಿ ಕೂತು ಇದನ್ನು ಕಲಿತರು. ದಿನವಿಡೀ ಎದುರುಬದುರು ವಾದಿಸುವವರು ಹಾಗೆ ಕೂತದ್ದೇ ನನಗೆ ಧೈರ್ಯ ಕೊಟ್ಟಿತು.

ಮುಂದಿನ ಸಭೆಯನ್ನು ಐದು ನಿಮಿಷದ ಮೌನದಿಂದ ಶುರುಮಾಡಿದೆ. ಕಣ್ಣು ಮುಚ್ಚಿಕೊಳ್ಳಿ ಎಂದೆ. ಎರಡನೇ ನಿಮಿಷಕ್ಕೆ ಒಬ್ಬ ಮಹಿಳೆ ಎದ್ದು ನಿಂತರು. "ನಾನು ನೀರಿನ ತೊಂದರೆ ಹೇಳೋಕೆ ಬಂದಿದೀನಿ. ಸುಮ್ನಿರಿ ಅಂತ ಇಷ್ಟು ನಯವಾಗಿ ಹೇಳ್ಬೇಕಾ?" ಅಂದರು. ಅವರು ಹೇಳಿದ್ದು ಸರಿಯಾಗಿತ್ತು. ದೂರು ಇಟ್ಟುಕೊಂಡು ಬಂದವರನ್ನು ಮೊದಲು ಶಾಂತರಾಗಿ ಎನ್ನುವುದು ಅನ್ಯಾಯ. ಶಾಂತಿಯ ಹೊಣೆ ಅಧಿಕಾರದಲ್ಲಿ ಇರುವವನದು, ಅಂದರೆ ಆ ಕೋಣೆಯಲ್ಲಿ ನನ್ನದು.

ಆ ಮೇಲೆ ಮೌನವನ್ನು ಯಾರ ಮೇಲೂ ಹೇರಲಿಲ್ಲ. ಸಮಿತಿಯ ನಾವು ಐದು ಜನ ಮಾತ್ರ ಒಂದು ನಿಯಮ ಹಾಕಿಕೊಂಡೆವು: ಯಾರೇ ಮಾತು ಮುಗಿಸಲಿ, ಮೂರು ಉಸಿರು ಕಳೆದ ನಂತರವೇ ಉತ್ತರ. 15 ಸೆಕೆಂಡೂ ಆಗುವುದಿಲ್ಲ, ಆದರೆ ಆ ಹೊತ್ತು ಎಷ್ಟು ಉದ್ದ! ಮೊದಲ ಸಲ ನನ್ನ ಬೆರಳುಗಳು ಪೆನ್ನನ್ನು ಹಿಸುಕುತ್ತಿರುವುದು ಕಂಡಿತು. ದವಡೆ ಬಿಗಿದಿತ್ತು, ಕಿವಿ ಬಿಸಿಯಾಗಿತ್ತು. ಎದುರಿನವರ ಮಾತಿನ ಮೊದಲರ್ಧದಲ್ಲೇ ನಾನು ಉತ್ತರ ಕಟ್ಟಿಕೊಂಡಿದ್ದೆ, ಉಳಿದರ್ಧ ಕೇಳಿಸಿಕೊಂಡಿರಲೇ ಇಲ್ಲ. "ಕೊನೇದು ಇನ್ನೊಮ್ಮೆ ಹೇಳ್ತೀರಾ?" ಎಂದು ಕೇಳಿದೆ. ಅವರ ದನಿ ತಾನಾಗಿಯೇ ಇಳಿಯಿತು.

ಹಳೆಯ ಬೌದ್ಧ ಗ್ರಂಥಗಳ ಪಾಳಿ ಭಾಷೆಯಲ್ಲಿ ಈ ಎಚ್ಚರಕ್ಕೆ 'ಸತಿ' ಎನ್ನುತ್ತಾರೆ; ಅದು ನಮ್ಮ 'ಸ್ಮೃತಿ'ಯೇ, ನೆನಪು. ಸಿಟ್ಟಿನಲ್ಲಿ ಮೈಮರೆತೆ ಎನ್ನುತ್ತೇವಲ್ಲ, ಅದಕ್ಕೆ ತೀರಾ ಎದುರಾದದ್ದು. ಪೆನ್ನು ಹಿಡಿದ ಬೆರಳನ್ನು ನೆನಪಿಸಿಕೊಂಡಾಗೆಲ್ಲ ನನಗೆ ಈ ಅರ್ಥ ಕಣ್ಣಿಗೆ ಕಟ್ಟಿದಂತಾಗುತ್ತದೆ.

ಮೂರು ಉಸಿರಿನಿಂದ ಪೈಪಿನಲ್ಲಿ ನೀರು ಬರಲಿಲ್ಲ. ಪಂಪ್ ಬದಲಿಸಿದ ಮೇಲೆ ಬಂತು. ಆದರೆ ಪಂಪ್ ಬದಲಿಸುವ ತೀರ್ಮಾನ ಒಂದೇ ಸಭೆಯಲ್ಲಿ ಆಯಿತು, ಯಾರೂ ಎದ್ದುಹೋಗಲಿಲ್ಲ. ಪಾರ್ಕಿಂಗ್ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಆ ಹಿರಿಯರು ಕೇಳಿದ್ದ ಲೆಕ್ಕದ ಪ್ರತಿಯನ್ನು ಈ ಸಲ ನಾನೇ ಅವರ ಮನೆಗೆ ಹೋಗಿ ಕೊಟ್ಟೆ, ಎರಡು ಕಡೆ ತಪ್ಪು ತೋರಿಸಿದರು.