ತಲೆಕಟ್ಟಿನ ಮೇಲೊಂದು ಚಪ್ಪಡಿ

ಕ್ಯಾತ್ಸಂದ್ರದ ಒಂದು ತಟ್ಟೆ ಇಡ್ಲಿ ಹೋಟೆಲಿನ ಬೋರ್ಡು. ಇಂಗ್ಲಿಷ್ ಹೆಸರನ್ನು ಬೆಂಗಳೂರಲ್ಲಿ ಯಾರೋ ಮಾಡಿಕೊಟ್ಟಿದ್ದರು. ದಪ್ಪನೆಯ, ಬಲಕ್ಕೆ ವಾಲಿದ ಸ್ಲ್ಯಾಬ್ ಸೆರಿಫ್. ಅಕ್ಷರದ ತಲೆಗೂ ಕಾಲಿಗೂ ಕಲ್ಲುಚಪ್ಪಡಿ ಇಟ್ಟಂತೆ ಚೌಕ ಪಟ್ಟಿ. 19ನೇ ಶತಮಾನದ ಲಂಡನ್ನಿನಲ್ಲಿ ಗೋಡೆ ಜಾಹೀರಾತುಗಳ ಜೊತೆ ಬೆಳೆದ ಜಾತಿ ಅದು, ದೂರದಿಂದಲೇ ಕೂಗಿ ಕರೆಯುತ್ತೆ. 2024ರಲ್ಲಿ ಕನ್ನಡ ಭಾಷೆಯ ಕಾಯ್ದೆಗೆ ತಿದ್ದುಪಡಿ ಆದಮೇಲೆ ಬೋರ್ಡಿನಲ್ಲಿ ಶೇ. 60 ಕನ್ನಡ ಇರಲೇಬೇಕಲ್ಲ, ಆ ಪಾಲು ನನಗೆ ಬಂತು.

ಮೊದಲು ಕಂಪ್ಯೂಟರಿನಲ್ಲಿದ್ದ ದಪ್ಪ ಫಾಂಟನ್ನೇ ಹಾಕಿ ತೋರಿಸಿದೆ. ಮಾಲೀಕರು ನೋಡಿ, "ಇಂಗ್ಲಿಷ್ ಓಡ್ತಾ ಐತೆ, ಕನ್ನಡ ನಿಂತ್ಕಂಡೈತಲ್ಲಣ್ಣಾ" ಅಂದರು. ಸರಿಯಾಗೇ ಹೇಳಿದ್ದರು. ಅದನ್ನೇ 12 ಡಿಗ್ರಿ ವಾಲಿಸಿದೆ. ಓಡೋದಿರಲಿ, ಎಡವಿ ಬೀಳೋ ಥರ ಕಂಡಿತು. ದುಂಡು ಗೆರೆಯನ್ನು ಸುಮ್ಮನೆ ವಾಲಿಸಿದರೆ ಬಲಮೇಲಿನ, ಎಡಕೆಳಗಿನ ತಿರುವು ಊದಿಕೊಳ್ಳುತ್ತೆ, ಉಳಿದೆರಡು ಸೊರಗುತ್ತೆ. ಇಂಗ್ಲಿಷಿನಲ್ಲಿ ನೆಟ್ಟನೆ ಗೆರೆ ಜಾಸ್ತಿ, ಅಷ್ಟು ಗೊತ್ತಾಗಲ್ಲ. ನಮ್ಮದು ಅಡಿಯಿಂದ ಮುಡಿವರೆಗೂ ದುಂಡು. ವಾಲಿಕೆಯನ್ನು 8 ಡಿಗ್ರಿಗೆ ಇಳಿಸಿ ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸೋ ಸಾಫ್ಟ್‌ವೇರಿನಲ್ಲಿ ಒಂದೊಂದೇ ಅಕ್ಷರ ಹೊಸದಾಗಿ ಬರೆದೆ.

ಚಪ್ಪಡಿ ಎಲ್ಲಿಡೋದು? ಕಾಲಿನ ಕಡೆ ಜಾಗವಿಲ್ಲ, ಅಲ್ಲಿ ಒತ್ತಕ್ಷರ ಕೂತಿರುತ್ತೆ. ತಲೆಕಟ್ಟೇ ಸರಿ ಅಂದುಕೊಂಡು ಅದರ ತುದಿಯನ್ನು ಚೌಕವಾಗಿ ಕತ್ತರಿಸಿದೆ. ಆಮೇಲೆ "ತಟ್ಟೆ ಇಡ್ಲಿ" ಬರೆದು ನೋಡಿದರೆ ತಲೆಕಟ್ಟು ಉಳಿದಿರೋದು "ತ" ಒಂದಕ್ಕೇ! "ಟ್ಟೆ"ಗೆ ಎತ್ವ, "ಡ್ಲಿ"ಗೆ ಗುಡಿಸು, "ಇ"ಗೆ ಏನೂ ಇಲ್ಲ. ಇಡೀ ಮದುವೆಮನೆಯಲ್ಲಿ ಒಬ್ಬನೇ ಪೇಟ ಸುತ್ತಿಕೊಂಡು ನಿಂತ ಹಾಗೆ. ಎರಡು ದಿನ ಒದ್ದಾಡಿದಮೇಲೆ ಹೊಳೆಯಿತು, ತಲೆಕಟ್ಟನ್ನು ಹಿಡಿದು ಕೂರಬಾರದು ಅಂತ. ಎತ್ವದ ಕೊನೆಗೂ, "ಇ"ಯ ತುದಿಗೂ, ಗೆರೆ ಎಲ್ಲೆಲ್ಲಿ ನಿಲ್ಲುತ್ತೋ ಅಲ್ಲೆಲ್ಲ ಅದೇ ಅಗಲದ ಚೌಕ ಕೊಟ್ಟೆ. ಗುಡಿಸು ಸುತ್ತಿ ಮುಚ್ಚಿಕೊಂಡಿರುತ್ತೆ, ತುದಿಯೇ ಇಲ್ಲ. ಅದನ್ನು ಹಾಗೇ ಬಿಟ್ಟೆ. ಎಲ್ಲಕ್ಕೂ ಚಪ್ಪಡಿ ಹೊರಿಸಿದರೆ ಇಡ್ಲಿ ಹೋಟೆಲು ಹೋಗಿ ಕಲ್ಲುಕ್ವಾರಿ ಆಗುತ್ತೆ.

ಒತ್ತಿನದು ಬೇರೆ ತರಲೆ. ವಾಲಿಸಿದಾಗ ಸಾಲಿನ ಮೇಲಿರೋದು ಬಲಕ್ಕೆ, ಕೆಳಗಿರೋದು ಎಡಕ್ಕೆ ಜರಗುತ್ತೆ. "ಟ್ಟೆ"ಯ ಒತ್ತು ಜಾರಿ ತನ್ನ ಅಕ್ಷರದ ಹೊಟ್ಟೆಯಡಿಗೇ ನುಗ್ಗಿತ್ತು. ಕೈಯಿಂದಲೇ ಬಲಕ್ಕೆ ತಳ್ಳಿ, ಒಂಚೂರು ಸಣ್ಣ ಮಾಡಿ ಕೂರಿಸಿದೆ.

ಅಕ್ರಿಲಿಕ್ ಕಟಿಂಗ್ ಆಗಿ ಬೋರ್ಡು ಮೇಲೇರಿತು. ಮೂರನೇ ದಿನ ಮಾಲೀಕರ ಫೋನು. ಇಡ್ಲಿ ತಿನ್ನಲು ಬಂದ ಮೇಷ್ಟ್ರೊಬ್ಬರು ಕೆಳಗಿನ ಸಾಲು ಓದಿ ನಕ್ಕರಂತೆ. "ಶುದ್ಧ ಬೆಣ್ಣೆ" ಅಂತ ಬರೆದಿದ್ದೆ. ಸಾಲು ಸಣ್ಣದು, ಗೆರೆ ದಪ್ಪ, ಒತ್ತಿನ "ಧ"ದ ಹೊಟ್ಟೆ ಸೀಳು ಕಟಿಂಗಿನಲ್ಲಿ ಮುಚ್ಚಿಹೋಗಿ "ಶುದ್ದ" ಆಗಿತ್ತು. ನನ್ನ ಸ್ಕ್ರೀನಿನಲ್ಲಿ ದೊಡ್ಡದು ಮಾಡಿಕೊಂಡು ನೋಡಿದಾಗ ಸೀಳು ಚೆನ್ನಾಗೇ ಕಾಣ್ತಿತ್ತು. ಆ ಸಾಲಿಗೆ ಗೆರೆ ತೆಳು ಮಾಡಿ, ಸೀಳನ್ನು ಅಗಲಿಸಿ, ನನ್ನ ಖರ್ಚಿನಲ್ಲೇ ಮತ್ತೆ ಕಟಿಂಗಿಗೆ ಕಳಿಸಿದೆ.