ಪೋರ್ಚುಗಲ್‌ನ ಕಡಲತೀರದಲ್ಲಿ ಮನೆ: ಮೊದಲು ಅಲೆ, ಆಮೇಲೆ ಚಳಿಗಾಲ, ಕೊನೆಗೆ ಕರಾರು

ಪೋರ್ಚುಗಲ್‌ನಲ್ಲಿ ಮನೆ ಕೊಂಡರೆ ಅಲ್ಲೇ ನೆಲೆಸಲು ಪರವಾನಗಿಯೂ ಸಿಗುತ್ತದೆ ಎಂಬ ಮಾತು ಇನ್ನೂ ಓಡಾಡುತ್ತಿದೆ. ಅದು ಹಳೆಯ ಕಥೆ. ಮನೆ ಖರೀದಿಗೆ ಗೋಲ್ಡನ್ ವೀಸಾ ಕೊಡುವುದನ್ನು ಆ ದೇಶ 2023ರ ಅಕ್ಟೋಬರ್‌ನಲ್ಲೇ ನಿಲ್ಲಿಸಿತು. ಈಗ ಮನೆಯೇ ಬೇರೆ, ವೀಸಾವೇ ಬೇರೆ.

ಸರ್ಫಿಂಗ್‌ಗಾಗಿ ಊರು ಬಿಡುವವರಿಗೆ ಇದರಿಂದ ಒಳ್ಳೆಯದೇ ಆಯಿತು ಎಂದು ನನಗನಿಸುತ್ತದೆ. ಮೊದಲು ಹೋಗಿ, ಬಾಡಿಗೆಗೆ ಇದ್ದು, ಒಂದು ಚಳಿಗಾಲ ಕಳೆದು, ಆಮೇಲೆ ಮನೆ ಕೊಳ್ಳಬೇಕು. ಅಲೆ, ಮನೆ, ಹಣ ಯಾವುದರ ಲೆಕ್ಕ ಹಾಕಿದರೂ ಇದೇ ಸರಿಯಾದ ಕ್ರಮ. ಮೂಲ್ಕಿ, ಸಸಿಹಿತ್ಲಿನಲ್ಲಿ ಬೋರ್ಡ್ ಮೇಲೆ ನಿಲ್ಲಲು ಕಲಿತು, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾ, ಅಟ್ಲಾಂಟಿಕ್ ಕಡಲ ಬಳಿ ಇರಬೇಕು ಎಂದು ಆಸೆಪಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಅಲೆ ಯಾವುದು?

ಪೋರ್ಚುಗಲ್ ಅಂದ ತಕ್ಷಣ ಎಲ್ಲರೂ ನಜರೇ ವಿಡಿಯೊ ತೋರಿಸುತ್ತಾರೆ. 2020ರ ಅಕ್ಟೋಬರ್ 29ರಂದು ಜರ್ಮನಿಯ ಸೆಬಾಸ್ಟಿಯನ್ ಸ್ಟಾಯ್ಟ್ನರ್ ಅಲ್ಲಿ ಏರಿದ ಅಲೆ 86 ಅಡಿ ಎತ್ತರದ್ದು. ಕಡಲ ತಳದಲ್ಲಿ ಇರುವ ಆಳವಾದ ಕಂದಕ ದೂರದಿಂದ ಬರುವ ಅಲೆಗಳ ಶಕ್ತಿಯನ್ನೆಲ್ಲ ಒಂದೇ ಕಡೆ ಕೂಡಿಹಾಕುವುದರಿಂದ ಅಲ್ಲಿ ಅಷ್ಟು ಎತ್ತರದ ಅಲೆ ಏಳುತ್ತದೆ. ನೋಡಲು ಹೋಗಿ ಬನ್ನಿ. ಆದರೆ ದಿನಾ ಬೆಳಿಗ್ಗೆ ಬೋರ್ಡ್ ಹಿಡಿದು ಇಳಿಯುವ ಜಾಗ ಅದಲ್ಲ.

ಸಸಿಹಿತ್ಲಿನಲ್ಲಿ ತಳ ಮರಳಿನದು, ಬಿದ್ದರೂ ಮೈಗೆ ಏಟಾಗುವುದು ಕಡಿಮೆ. ಲಿಸ್ಬನ್‌ನಿಂದ ಸುಮಾರು ಒಂದು ಗಂಟೆ ದೂರದ ಎರಿಸೇರಾದಲ್ಲಿ ಹೆಸರುವಾಸಿ ಅಲೆಗಳೆಲ್ಲ ಬಂಡೆಯ ಮೇಲೆ ಒಡೆಯುತ್ತವೆ. 2011ರಲ್ಲಿ ಯುರೋಪಿನ ಮೊದಲ 'ವಿಶ್ವ ಸರ್ಫಿಂಗ್ ಮೀಸಲು' ಎನಿಸಿಕೊಂಡ ತೀರ ಅದು. ರಿಬೇರಾ ದಿಲ್ಯಾಸ್ ಉದ್ದಕ್ಕೆ, ನಿಧಾನಕ್ಕೆ ಬಿಚ್ಚಿಕೊಳ್ಳುವ ಅಲೆ. ಸ್ವಲ್ಪ ಪಳಗಿದವರಿಗೆ ಹಬ್ಬ. ಅದರ ಹತ್ತಿರದಲ್ಲೇ ಇರುವ ಕೋಶೋಸ್ ಅನುಭವಿಗಳಿಗೆ ಮಾತ್ರ. ಹೊಸಬರಿಗೆ ಊರಿನ ದಕ್ಷಿಣಕ್ಕಿರುವ ಫೋಜ್ ದೊ ಲಿಜಾಂದ್ರೊ ಮರಳು ತೀರ ವಾಸಿ.

ನೀವು ವಾರಕ್ಕೆ ನಾಲ್ಕು ದಿನ ಧೈರ್ಯವಾಗಿ ಇಳಿಯಬಲ್ಲ ಅಲೆ ಯಾವುದು ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಹೆಂಡತಿ, ಗಂಡ, ಮಕ್ಕಳು ಕಲಿಯುವವರಿದ್ದರೆ ಅವರ ಅಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪ್ರಸಿದ್ಧ ಅಲೆಯ ಎದುರು ಮನೆ ಮಾಡಿ, ಕಿಟಕಿಯಿಂದ ಬೇರೆಯವರ ಸವಾರಿ ನೋಡುತ್ತಾ ಕೂರುವುದಕ್ಕೆ ಅಷ್ಟು ದೂರ ಹೋಗಬೇಕಾ?

ಗಾಳಿಯ ಲೆಕ್ಕ

ಬಹಳ ಮಂದಿ ಮರೆಯುವುದು ಗಾಳಿಯನ್ನು. ಬೇಸಿಗೆಯಲ್ಲಿ ಪೋರ್ಚುಗಲ್‌ನ ಪಶ್ಚಿಮ ತೀರಕ್ಕೆ ಉತ್ತರದಿಂದ ಜೋರು ಗಾಳಿ ಬೀಸುತ್ತದೆ. ಅಲ್ಲಿನವರು ಅದನ್ನು ನೊರ್ತಾದಾ ಎನ್ನುತ್ತಾರೆ. ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ಕದಡಿ ಹೋಗಿರುತ್ತದೆ. ಸಮುದ್ರದಿಂದ ನೆಲದ ಕಡೆ ಬೀಸುವ ಗಾಳಿ ಅಲೆಯನ್ನು ಕೆಡಿಸುತ್ತದೆ, ನೆಲದಿಂದ ಸಮುದ್ರದ ಕಡೆ ಬೀಸಿದರೆ ಅಲೆ ಎದ್ದು ನಿಲ್ಲುತ್ತದೆ.

ಆಯ್ಕೆ ನನಗೆ ಬಿಟ್ಟರೆ ಪೆನೀಶ್ ಎನ್ನುತ್ತೇನೆ, ಅದಕ್ಕೆ ಕಾರಣ ಈ ಗಾಳಿಯೇ. ಅದು ಕಡಲೊಳಗೆ ಚಾಚಿಕೊಂಡಿರುವ ಭೂಶಿರ. ಉತ್ತರದ ಗಾಳಿ ಬಾಲೆಯಾಲ್ ಕಡೆಯ ಕೊಲ್ಲಿಯನ್ನು ಕೆಡಿಸಿದ ದಿನ ದಕ್ಷಿಣ ಬದಿಯ ಸುಪರ್‌ಟುಬೋಸ್ ಚೆನ್ನಾಗಿರುತ್ತದೆ. ದಕ್ಷಿಣದ ಗಾಳಿ ಬಂದರೆ ಉಲ್ಟಾ. ಎರಡರ ನಡುವೆ ಕಾರಿನಲ್ಲಿ ಕೆಲವೇ ನಿಮಿಷದ ದಾರಿ. ಸುಪರ್‌ಟುಬೋಸ್ ವಿಶ್ವ ಮಟ್ಟದ ಸ್ಪರ್ಧೆ ನಡೆಯುವ ಬಿರುಸಿನ ಅಲೆ, ಬಾಲೆಯಾಲ್ ಕಲಿಯುವವರ ತೀರ. ಮನೆಯಲ್ಲಿ ಎಲ್ಲರೂ ಒಂದೇ ಮಟ್ಟದವರಲ್ಲದಿದ್ದರೆ ಇದಕ್ಕಿಂತ ಅನುಕೂಲದ ಊರು ಸಿಗುವುದು ಕಷ್ಟ. ಮೇಲಾಗಿ ಅದು ಇವತ್ತಿಗೂ ಮೀನುಗಾರರ ಊರು. ಪ್ರವಾಸಿಗರು ಹೋದ ಮೇಲೂ ಬಂದರಿನಲ್ಲಿ ಕೆಲಸ ನಡೆಯುತ್ತದೆ, ಅಂಗಡಿ ತೆರೆದಿರುತ್ತದೆ.

ದೇಶದ ನೈಋತ್ಯ ಮೂಲೆಯಲ್ಲಿರುವ ಸಾಗ್ರೆಸ್‌ಗೂ ಇಂಥದೇ ಅನುಕೂಲವಿದೆ: ಒಂದು ತೀರ ಪಶ್ಚಿಮಕ್ಕೆ, ಇನ್ನೊಂದು ದಕ್ಷಿಣಕ್ಕೆ. ಬಿಸಿಲು ಜಾಸ್ತಿ, ಜನ ಕಡಿಮೆ. ಆದರೆ ವಿಮಾನ ನಿಲ್ದಾಣ ಇರುವುದು ಫಾರೊದಲ್ಲಿ, ನೂರು ಕಿಲೋಮೀಟರಿಗೂ ಹೆಚ್ಚು ದೂರ. ಅಲ್ಲಿಂದ ಮೇಲಕ್ಕೆ ಅಲ್ಜೆಜೂರ್, ಅರಿಫಾನಾ ಕಡೆ ತೀರವೆಲ್ಲ ಸಂರಕ್ಷಿತ ನಿಸರ್ಗ ಉದ್ಯಾನ. ನೋಟಕ್ಕೆ ಅಪೂರ್ವ, ಕಟ್ಟಲು ನಿರ್ಬಂಧಗಳ ಸರಮಾಲೆ.

ನೀರಿನ ಚಳಿಯ ಬಗ್ಗೆಯೂ ಹೇಳಲೇಬೇಕು. ಪಶ್ಚಿಮ ತೀರದಲ್ಲಿ ಚಳಿಗಾಲದ ನೀರು 15 ಡಿಗ್ರಿ ಆಸುಪಾಸು, ಬೇಸಿಗೆಯಲ್ಲೂ 18–20. ನಮ್ಮ ಕಡೆ ಚಡ್ಡಿ ಬನಿಯನ್‌ನಲ್ಲಿ ಇಳಿದು ಅಭ್ಯಾಸವಾದವರಿಗೆ ವರ್ಷಪೂರ್ತಿ ವೆಟ್‌ಸೂಟ್, ಅಂದರೆ ಚಳಿ ತಡೆಯುವ ರಬ್ಬರ್ ಉಡುಪು ಬೇಕು.

ವೀಸಾ

ವೀಸಾದ ವಿಷಯದಲ್ಲಿ ಭಾರತೀಯರಿಗೆ ಎರಡು ದಾರಿ ಹೆಚ್ಚು ಹೊಂದುತ್ತವೆ. ಪಿಂಚಣಿ, ಬಾಡಿಗೆ, ಡಿವಿಡೆಂಡ್ ಥರದ ಆದಾಯ ಇರುವವರಿಗೆ ಡಿ7. ಪೋರ್ಚುಗಲ್ ಹೊರಗಿನ ಕಂಪನಿಗೆ ದೂರದಿಂದ ಕೆಲಸ ಮಾಡುವವರಿಗೆ ಡಿ8. ಡಿ8ಕ್ಕೆ ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು ಆದಾಯ ತೋರಿಸಬೇಕು. 2025ರಲ್ಲಿ ಕನಿಷ್ಠ ವೇತನ 870 ಯೂರೋ ಇತ್ತು, ಅಂದರೆ ತಿಂಗಳಿಗೆ 3,480 ಯೂರೋ. ವೇತನ ವರ್ಷವರ್ಷ ಏರಿದಂತೆ ಇದೂ ಏರುತ್ತದೆ. ವಾಸಕ್ಕೆ ಜಾಗ ಇದೆ ಎಂಬುದಕ್ಕೂ ದಾಖಲೆ ಬೇಕು, ಸಾಮಾನ್ಯವಾಗಿ ಒಂದು ವರ್ಷದ ಬಾಡಿಗೆ ಕರಾರು ತೋರಿಸುತ್ತಾರೆ. ಹಾಗಾಗಿ ಬಾಡಿಗೆ ಮನೆ ಹೇಗೂ ಬೇಕೇ ಬೇಕು.

ಡಿ8ರಲ್ಲಿ ಹೋಗುವವರು ಸಮಯದ ಲೆಕ್ಕ ಹಾಕಿಕೊಳ್ಳಿ. ಚಳಿಗಾಲದಲ್ಲಿ ಭಾರತ ಐದೂವರೆ ಗಂಟೆ ಮುಂದೆ. ಬೆಂಗಳೂರಿನ ಬೆಳಿಗ್ಗೆ ಒಂಬತ್ತೂವರೆಯ ಮೀಟಿಂಗ್ ಅಲ್ಲಿ ನಸುಕಿನ ನಾಲ್ಕು ಗಂಟೆಗೆ. ಸಂಜೆ ಆರಕ್ಕೆ ಕೆಲಸ ಮುಗಿದರೆ ಅಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಉಳಿದ ಹಗಲೆಲ್ಲ ಕಡಲಿಗೆ ಸಿಗುತ್ತದೆ, ಆದರೆ ರಾತ್ರಿ ಎಂಟಕ್ಕೇ ಮಲಗಬೇಕು. ವರ್ಷದಲ್ಲಿ 183 ದಿನಕ್ಕಿಂತ ಹೆಚ್ಚು ಅಲ್ಲಿದ್ದರೆ ತೆರಿಗೆಯೂ ಅಲ್ಲಿಗೇ. ಎರಡೂ ದೇಶಗಳ ನಡುವೆ ಎರಡು ಸಲ ತೆರಿಗೆ ತಪ್ಪಿಸುವ ಒಪ್ಪಂದ ಇದೆ. ಅಲ್ಲಿನ ದರ ಮಾತ್ರ ಆದಾಯದ ಜೊತೆ ಏರುತ್ತಾ 48% ಮುಟ್ಟುತ್ತದೆ. ಹೊರಡುವ ಮೊದಲೇ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಕೂತು ಮಾತಾಡಿ.

ನವೆಂಬರ್‌ನಿಂದ ಮಾರ್ಚ್ ಬಾಡಿಗೆಗೆ ಇರಿ

ಆಗಸ್ಟ್‌ನಲ್ಲಿ ನೋಡಿದ ಊರನ್ನು ನಂಬಬೇಡಿ. ದೊಡ್ಡ ಅಲೆಗಳು ಬರುವುದೂ ಚಳಿಗಾಲದಲ್ಲೇ, ಮಳೆ ಸುರಿಯುವುದೂ ಆಗಲೇ. ಊರಿನ ನಿಜವಾದ ಮುಖ ಕಾಣುವುದು ಈ ತಿಂಗಳುಗಳಲ್ಲಿ. ಯಾವ ಅಂಗಡಿ ಬಾಗಿಲು ಹಾಕಿತು, ಬಸ್ ಎಷ್ಟಕ್ಕೆ ಇಳಿಯಿತು, ಮಗುವಿಗೆ ರಾತ್ರಿ ಜ್ವರ ಬಂದರೆ ಎಲ್ಲಿಗೆ ಓಡಬೇಕು ಎಂದು ಬರೆದಿಟ್ಟುಕೊಳ್ಳಿ. ಎರಿಸೇರಾಕ್ಕಾಗಲಿ ಪೆನೀಶ್‌ಗಾಗಲಿ ರೈಲಿಲ್ಲ. ಬಸ್ಸು, ಇಲ್ಲವೇ ಕಾರು.

ಅದಕ್ಕಿಂತ ಮುಖ್ಯ, ಮನೆ ಎಂಥದ್ದು ಎಂದು ಗೊತ್ತಾಗುವುದು ಆಗಲೇ. ಆ ತೀರದ ಎಷ್ಟೋ ಹಳೆಯ ಮನೆಗಳಲ್ಲಿ ಗೋಡೆಗೆ ಚಳಿ ತಡೆಯುವ ಪದರವೇ ಇಲ್ಲ, ಮನೆ ಬಿಸಿ ಮಾಡುವ ವ್ಯವಸ್ಥೆಯೂ ಇಲ್ಲ. ನಮ್ಮ ಕರಾವಳಿಯಲ್ಲಿ ಜುಲೈ ಬಂತೆಂದರೆ ಕಪಾಟಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದಲ್ವಾ, ಅಲ್ಲಿ ಜನವರಿಯಲ್ಲಿ ಗೋಡೆಗೇ ಹಾಗಾಗುತ್ತದೆ, ಅದೂ ಥಂಡಿಯ ಜೊತೆ.

ಮನೆ ನೋಡಲು ಹೋದಾಗ ಕಡಲು ಕಾಣುವ ಬಾಲ್ಕನಿಗೆ ಮೊದಲೇ ಹೋಗಬೇಡಿ. ಉತ್ತರ ದಿಕ್ಕಿನ ಮಲಗುವ ಕೋಣೆಗೆ ಹೋಗಿ. ಕಪಾಟನ್ನು ಒಂದು ಗೇಣು ಮುಂದಕ್ಕೆ ಎಳೆಸಿ, ಹಿಂದಿನ ಗೋಡೆಯ ಮೂಲೆಗೆ ಅಂಗೈ ಇಟ್ಟು ನೋಡಿ. ಹಸಿ ಇದೆಯಾ, ಕಪ್ಪು ಚುಕ್ಕೆ ಇದೆಯಾ, ಒಂದೇ ಗೋಡೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದಾರಾ? ಕಿಟಕಿಯ ಹೊರಗಿನ ಶಟರನ್ನು ಪೂರ್ತಿ ಇಳಿಸಿ, ಏರಿಸಿ. ಅರ್ಧದಲ್ಲಿ ಸಿಕ್ಕಿಕೊಂಡರೆ ಉಪ್ಪುಗಾಳಿ ಒಳಗೆ ಕೆಲಸ ಮಾಡಿದೆ ಎಂದೇ ಅರ್ಥ. ಕೀಲು, ಬಾಲ್ಕನಿಯ ಕಂಬಿಯ ಬುಡ, ಬಾಯ್ಲರಿನ ಹೊರಗಿನ ಕೊಳವೆ ನೋಡಿ. ಕಿಟಕಿಗೆ ಜೋಡಿ ಗಾಜು ಇದೆಯಾ ಎಂದು ಬೆರಳಲ್ಲಿ ತಟ್ಟಿ ಕೇಳಿ. ಕಳೆದ ಜನವರಿಯ ಕರೆಂಟ್ ಬಿಲ್ ಕೇಳಿ ಪಡೆಯಿರಿ. ಮಾರಾಟಕ್ಕಿಡುವ ಮನೆಗೆ ಎ ಪ್ಲಸ್‌ನಿಂದ ಎಫ್‌ವರೆಗಿನ ಇಂಧನ ದರ್ಜೆಯ ಪ್ರಮಾಣಪತ್ರ ಇರಲೇಬೇಕು, ಅದನ್ನೂ ಓದಿ. ದಕ್ಷಿಣಕ್ಕೆ ಮುಖ ಮಾಡಿದ, ಕಡಲಿನಿಂದ ಒಂದೆರಡು ಕಿಲೋಮೀಟರ್ ಒಳಗಿನ ಮನೆ, ಕಡಲಿಗೆ ಮುಖಮಾಡಿದ ಎದುರು ಸಾಲಿನ ಮನೆಗಿಂತ ಬದುಕಲು ಎಷ್ಟೋ ಮೇಲು.

ಎದುರು ಸಾಲಿಗೆ ಇನ್ನೊಂದು ಅಪಾಯವೂ ಇದೆ. ಉತ್ತರದ ಒವಾರ್, ಲಿಸ್ಬನ್ ಎದುರಿನ ಕೋಸ್ಟಾ ದ ಕಪಾರಿಕಾ ಕಡೆ ಕಡಲು ಮರಳನ್ನು ತಿನ್ನುತ್ತಾ ಬಂದಿದೆ. ಕಡಿದಾದ ಬಂಡೆಯಂಚಿನ ಊರುಗಳಲ್ಲಿ ಅಂಚು ಕುಸಿಯುತ್ತದೆ. ತೀರದ ಯೋಜನಾ ನಕ್ಷೆಯಲ್ಲಿ ಅಪಾಯದ ವಲಯ ಎಲ್ಲಿದೆ, ನೀವು ನೋಡಿದ ಜಾಗ ಅದರೊಳಗಿದೆಯಾ ಎಂದು ಪುರಸಭೆಯಲ್ಲಿ ಕೇಳದೆ ಮುಂದೆ ಹೋಗಬೇಡಿ.

ಕಾಗದಪತ್ರ

ಮೊದಲು ಬೇಕಾದದ್ದು ನಿಫ್, ಅಂದರೆ ಅಲ್ಲಿನ ತೆರಿಗೆ ಸಂಖ್ಯೆ. ಅದಿಲ್ಲದೆ ಬ್ಯಾಂಕ್ ಖಾತೆಯೂ ಇಲ್ಲ, ಬಾಡಿಗೆ ಕರಾರೂ ಇಲ್ಲ. ಆಮೇಲೆ ವಕೀಲರು. ಏಜೆಂಟ್ ತೋರಿಸಿದ ವಕೀಲರು ಬೇಡ, ನೀವೇ ಹುಡುಕಿಕೊಳ್ಳಿ. ಏಜೆಂಟರಿಗೆ ಸಾಮಾನ್ಯವಾಗಿ ದುಡ್ಡು ಕೊಡುವವರು ಮಾರುವವರು. ಲೈಸೆನ್ಸ್ ಇರುವ ಏಜೆಂಟರಿಗೆ ಎಎಂಐ ಸಂಖ್ಯೆ ಇರುತ್ತದೆ, ಅದನ್ನು ಕೇಳಿ.

ವಕೀಲರು ಎರಡು ದಾಖಲೆ ಪಕ್ಕಪಕ್ಕ ಇಟ್ಟು ನೋಡುತ್ತಾರೆ: ತೆರಿಗೆ ಕಚೇರಿಯ ಕಾದರ್ನೆಟಾ ಮತ್ತು ನೋಂದಣಿ ಕಚೇರಿಯ ಸರ್ತಿದಾವ್. ಅಳತೆ, ಮಾಲೀಕರ ಹೆಸರು, ಸಾಲ ಎಲ್ಲ ತಾಳೆಯಾಗಬೇಕು. ಜಾಗ 'ರುಸ್ಟಿಕೊ' ಎಂದಿದ್ದರೆ ಅದು ಕೃಷಿ ಭೂಮಿ. ಮೇಲೆ ಚೆಂದದ ಮನೆ ನಿಂತಿದ್ದರೂ ವಾಸಕ್ಕೆ ಪರವಾನಗಿ ಇರಬೇಕೆಂದಿಲ್ಲ. ಅಗ್ಗಕ್ಕೆ ಸಿಗುವ ತೋಟದ ಮನೆಗಳಲ್ಲಿ ಈ ತೊಡಕು ಜಾಸ್ತಿ.

ಎಲ್ಲ ಸರಿಯಿದ್ದರೆ ಮುಂಗಡ ಕರಾರು. ಇದು ನಮ್ಮಲ್ಲಿನ ಸೇಲ್ ಅಗ್ರಿಮೆಂಟ್ ಥರ. ಕೊಳ್ಳುವವರು ಹಿಂದೆ ಸರಿದರೆ ಮುಂಗಡ ಹೋಯಿತು. ಮಾರುವವರು ಸರಿದರೆ ಅದರ ಎರಡು ಪಟ್ಟು ವಾಪಸ್ ಕೊಡಬೇಕು. ಕೊನೆಯದು ನೋಟರಿ ಮುಂದೆ ಕ್ರಯಪತ್ರ. ಬೆಲೆಯ ಮೇಲೆ 0.8% ಮುದ್ರಾಂಕ ಶುಲ್ಕ, ಬೆಲೆ ಏರಿದಂತೆ ಏರುವ ವರ್ಗಾವಣೆ ತೆರಿಗೆ, ಪ್ರತಿ ವರ್ಷ ತೆರಿಗೆ ಮೌಲ್ಯದ 0.3ರಿಂದ 0.45% ಮನೆ ಕಂದಾಯ. ಪ್ರವಾಸಿಗರಿಗೆ ಬಾಡಿಗೆ ಕೊಟ್ಟು ಕಂತು ಕಟ್ಟುತ್ತೇನೆ ಎಂದು ಲೆಕ್ಕ ಹಾಕಿದ್ದರೆ ಹುಷಾರು. ಅದಕ್ಕೆ ಬೇರೆ ನೋಂದಣಿ ಬೇಕು, ಹೊಸ ನೋಂದಣಿ ನಿಲ್ಲಿಸುವ ಅಧಿಕಾರ ಪುರಸಭೆಗಳಿಗಿದೆ.

ಊರಿನಿಂದ ಹಣ

ಭಾರತದಲ್ಲೇ ಇದ್ದುಕೊಂಡು ಕೊಳ್ಳುವುದಾದರೆ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್ ಕಳಿಸಬಹುದು. ಗಂಡ ಹೆಂಡತಿ ಸೇರಿ ಕೊಂಡರೆ ಮಿತಿ ಎರಡು ಪಟ್ಟು. 2025ರ ಏಪ್ರಿಲ್‌ನಿಂದ, ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕ್ 20% ಟಿಸಿಎಸ್, ಅಂದರೆ ಮುಂಚಿತವಾಗಿ ವಸೂಲಿ ಮಾಡುವ ತೆರಿಗೆ ಹಿಡಿಯುತ್ತದೆ. ರಿಟರ್ನ್ಸ್ ಸಲ್ಲಿಸುವಾಗ ಅದು ಹೊಂದಾಣಿಕೆಯಾಗುತ್ತದೆ, ನಿಜ. ಆದರೆ ಮನೆ ಕೊಳ್ಳುವ ಹೊತ್ತಿಗೆ ಅಷ್ಟು ದೊಡ್ಡ ಮೊತ್ತ ಕೈಯಲ್ಲಿರುವುದಿಲ್ಲ. ವಿದೇಶದ ಆಸ್ತಿಯನ್ನು ರಿಟರ್ನ್ಸ್‌ನ ಶೆಡ್ಯೂಲ್ ಎಫ್‌ಎಯಲ್ಲಿ ತೋರಿಸಲೂಬೇಕು.

ಮೊದಲು ಹೋಗಿ ನೆಲೆಸಿ ಅನಿವಾಸಿ ಭಾರತೀಯರಾದವರಿಗೆ ಎಲ್‌ಆರ್‌ಎಸ್ ಅನ್ವಯಿಸುವುದಿಲ್ಲ. ಅವರು ಎನ್‌ಆರ್‌ಒ ಖಾತೆಯಿಂದ (ಅನಿವಾಸಿಗಳು ಭಾರತದಲ್ಲಿನ ಹಣ ಇಟ್ಟುಕೊಳ್ಳುವ ಖಾತೆ), ಇಲ್ಲಿನ ತೆರಿಗೆ ಕಟ್ಟಿದ ಮೇಲೆ, ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಕೊಂಡೊಯ್ಯಬಹುದು. ಊರಿನ ಸೈಟು ಮಾರಿ ಅಲ್ಲಿ ಮನೆ ಕೊಳ್ಳುವವರಿಗೆ ಇದು ದೊಡ್ಡ ವ್ಯತ್ಯಾಸ. ಹಾಗಾಗಿ ಬಾಡಿಗೆ ಮನೆಗೆ ಹೋಗುವ ಮೊದಲೇ ಬ್ಯಾಂಕಿನಲ್ಲಿ ಉಳಿತಾಯ ಖಾತೆಯನ್ನು ಎನ್‌ಆರ್‌ಒಗೆ ಬದಲಾಯಿಸುವುದು ಹೇಗೆಂದು ಕೇಳಿಟ್ಟುಕೊಳ್ಳಿ. ಸೈಟಿನ ಪತ್ರ, ಖಾತಾ, ಋಣಭಾರ ಪ್ರಮಾಣಪತ್ರವನ್ನು ಇಲ್ಲಿರುವಾಗಲೇ ಸರಿಮಾಡಿಸಿಕೊಳ್ಳಿ. ನೀವಿಲ್ಲದಾಗ ಮಾರಾಟಕ್ಕೆ ಓಡಾಡುವ ಅಣ್ಣನಿಗೋ ಅಕ್ಕನಿಗೋ ಜಿಪಿಎ ಬರೆಸಿ ನೋಂದಣಿ ಮಾಡಿಸಿ ಹೊರಡಿ.